ಆ ಪದ ಕಿವಿಗೆ ಬಿದ್ದ ಮೇಲೆ

ಡಾಕ್ಟರು ‘ಆಟಿಸಂ’ (ಮಾತು, ಇತರರೊಡನೆ ಬೆರೆಯುವುದು, ನಡವಳಿಕೆ ಇವುಗಳಲ್ಲಿ ಮಗು ಬೇರೆ ರೀತಿ ಬೆಳೆಯುವ ಸ್ಥಿತಿ) ಅಂದ ಮೇಲೆ ಆಡುವ ಮಾತುಗಳಲ್ಲಿ ಹೆಚ್ಚಿನವು ಹೆತ್ತವರ ತಲೆಗೆ ಇಳಿಯುವುದೇ ಇಲ್ಲ. ಯಾವ ಥೆರಪಿ, ವಾರಕ್ಕೆ ಎಷ್ಟು ಸಲ ಎಂಬ ಮುಖ್ಯ ಮಾತೆಲ್ಲ ಬರುವುದು ಆಮೇಲೆಯೇ. ಹಾಗಾಗಿ ಇಬ್ಬರೂ ಹೋಗಿ. ಮಗುವನ್ನು ಹೊರಗೆ ಆಡಿಸಲು ಇನ್ನೊಬ್ಬರಿರಲಿ. ಇಲ್ಲದಿದ್ದರೆ ಒಬ್ಬರು ಮಗುವಿನ ಹಿಂದೆ ಓಡುತ್ತಾರೆ, ಇನ್ನೊಬ್ಬರು ಒಂಟಿಯಾಗಿ ಸುದ್ದಿ ಕೇಳಿ ಮನೆಗೆ ಬಂದು ಅರ್ಧಂಬರ್ಧ ಹೇಳುತ್ತಾರೆ. ಎಷ್ಟೋ ಮನೆಗಳಲ್ಲಿ ಜಗಳ ಶುರುವಾಗುವುದು ಅಲ್ಲಿಂದ.

ಅದಕ್ಕೂ ಮುಂಚೆ ಕಿವಿ ಪರೀಕ್ಷೆ ಇರುತ್ತದೆ. ಮಾತು ತಡವಾದ ಮಗುವಿಗೆ ಸರಿಯಾಗಿ ಕೇಳಿಸುತ್ತದೆಯೇ ಎಂಬುದು ಮೊದಲು ಗೊತ್ತಾಗಬೇಕು. ಬೆರಾ ಪರೀಕ್ಷೆಯಲ್ಲಿ ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಸದ್ದು ಕೊಟ್ಟು ನರಗಳ ಪ್ರತಿಕ್ರಿಯೆ ಅಳೆಯುತ್ತಾರೆ. ಮಗು ಅಲುಗಾಡಬಾರದು, ಅದಕ್ಕೇ ನಿದ್ದೆ ಬೇಕು. ರಾತ್ರಿ ತಡವಾಗಿ ಮಲಗಿಸಿ ಬೇಗ ಎಬ್ಬಿಸಿ ಅಂದಿರುತ್ತಾರೆ. ಕೆಡುವುದು ದಾರಿಯಲ್ಲಿ: ಗಾಡಿಯಲ್ಲಿ ಹತ್ತು ನಿಮಿಷ ತೂಕಡಿಸಿದ ಮಗು ಅಲ್ಲಿ ಕಣ್ಣೇ ಮುಚ್ಚುವುದಿಲ್ಲ. ಪಕ್ಕದಲ್ಲಿ ಕೂತು ಎಚ್ಚರವಾಗಿಡಲು ಒಬ್ಬರು ಬೇಕು.

16ರಿಂದ 30 ತಿಂಗಳ ಮಕ್ಕಳಾದರೆ ಆಟಿಸಂನ ಸುಳಿವಿದೆಯೇ ಎಂದು ನೋಡಲು ಹೆತ್ತವರಿಗೆ ಎಂ-ಚಾಟ್ ಎಂಬ ಪ್ರಶ್ನಾವಳಿಯ 20 ಪ್ರಶ್ನೆ ಕೇಳಬಹುದು. ಅದು ಜರಡಿ ಮಾತ್ರ, ತೀರ್ಪಲ್ಲ. ಬೆರಳು ತೋರಿಸುತ್ತದೆಯೇ ಎಂದಾಗ, ಎಂದೋ ಎರಡು ಸಲ ತೋರಿಸಿದ್ದು ನೆನಪಾಗಿ ಆಸೆಯಿಂದ ‘ಹೌದು’ ಅನ್ನುತ್ತೇವೆ. ಸಾಮಾನ್ಯವಾಗಿ ಮಾಡದಿದ್ದರೆ ‘ಇಲ್ಲ’ ಅಂತಲೇ ಬರೆಯಬೇಕು. ಡಾಕ್ಟರ ಹೊಸ ಕೋಣೆಯಲ್ಲಿ ಮಗು ಮುದುಡಿ ಕೂರಬಹುದು. ಮನೆಯಲ್ಲಿ ಹೆಸರು ಕರೆದಾಗ, ಊಟ ಮಾಡುವಾಗ, ಒಂಟಿಯಾಗಿ ಆಡುವಾಗ ತೆಗೆದ ಎರಡೆರಡು ನಿಮಿಷದ ವಿಡಿಯೊ ಮೊಬೈಲಿನಲ್ಲಿರಲಿ. ಮೊದಲು ಆಡುತ್ತಿದ್ದ ಪದಗಳು ನಿಂತುಹೋಗಿದ್ದರೆ ಯಾವ ತಿಂಗಳಲ್ಲಿ ಎಂದು ಬರೆದೊಯ್ಯಿರಿ. ಇದನ್ನು ಮರೆಯಲೇಬಾರದು.

ರಾತ್ರಿ ತಾಯಿ ಬಸಿರಿನ ದಿನಗಳನ್ನೆಲ್ಲ ಕೆದಕುತ್ತಾಳೆ. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆಂದು 1950-60ರ ದಶಕದಲ್ಲಿ ವೈದ್ಯರೇ ನಂಬಿದ್ದರು. 1977ರ ಅವಳಿ ಮಕ್ಕಳ ಅಧ್ಯಯನ ವಂಶವಾಹಿಗಳ ಪಾತ್ರ ತೋರಿಸಿತು. ಆ ಹಳೇ ಆರೋಪ ಮಾತ್ರ ಬೇರೆ ಬೇರೆ ಬಾಯಲ್ಲಿ ಇನ್ನೂ ಓಡಾಡುತ್ತಿದೆ. ಆ ರಾತ್ರಿ ಗಂಡ ಇದನ್ನು ಬಾಯಿಬಿಟ್ಟು ಅಲ್ಲಗಳೆಯಬೇಕು, ಸುಮ್ಮನಿದ್ದರೆ ಸಾಲದು.

ಒಂದೆರಡು ವಾರದಲ್ಲೇ ಮತ್ತೊಂದು ಭೇಟಿಯನ್ನು ಅಂದೇ ಬರೆಸಿಕೊಂಡು ಬನ್ನಿ. ‘ಮಾತು ಬರುತ್ತದಾ?’ ಎಂದು ಕೇಳದೆ ಇರಲಾಗದು, ಕೇಳಿ. ಜೊತೆಗೆ ‘ಈ ವಾರ ಮನೆಯಲ್ಲಿ ಏನು ಮಾಡಲಿ?’ ಎಂದೂ ಕೇಳಿ. ಅದಕ್ಕೆ ಕೈಗೆ ಸಿಗುವ ಉತ್ತರವಿರುತ್ತದೆ: ಇಷ್ಟದ ಆಟಿಕೆಯನ್ನು ಕಾಣುವಂತೆ, ಆದರೆ ಎಟುಕದಂತೆ ಇಟ್ಟು, ಮಗು ನಿಮ್ಮ ಕಡೆ ನೋಡುವವರೆಗೆ ಕೆಲವು ಕ್ಷಣ ಕಾಯುವುದು, ನೋಡಿದ ಕೂಡಲೇ ಕೊಡುವುದು.