ಮರುನಿರ್ದೇಶನದ ಜಾಡು

ಸರ್ಕಾರಿ ಜಾಲಪುಟಗಳ ಬದಲಾವಣೆಯನ್ನು ಗಮನಿಸುವ ಸಣ್ಣ ತಂತ್ರಾಂಶವೊಂದನ್ನು ತಿದ್ದುತ್ತಿರುವಾಗ, ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಪ್ರಕರಣವೊಂದು ನೆನಪಾಯಿತು. 2017ರ ಏಪ್ರಿಲ್ 28ರಂದು ಆ ಸಂಸ್ಥೆ ಹವಾಮಾನ ಬದಲಾವಣೆ ಕುರಿತ ತನ್ನ ಪುಟಗಳನ್ನು ತೆಗೆದಾಗ, ಹಳೆಯ ಕೊಂಡಿಯನ್ನು ಒತ್ತಿದವರು ‘ಈ ಪುಟವನ್ನು ನವೀಕರಿಸಲಾಗುತ್ತಿದೆ’ ಎಂಬ ಸೌಜನ್ಯದ ಪ್ರಕಟಣೆಗೆ ಬಂದು ತಲುಪುತ್ತಿದ್ದರು. ಒಂದು ವಿಳಾಸದಿಂದ ಇನ್ನೊಂದಕ್ಕೆ ಕಳುಹಿಸುವ ಇಂತಹ ಮರುನಿರ್ದೇಶನವನ್ನು ಬ್ರೌಸರ್ ಸದ್ದಿಲ್ಲದೆ ಅನುಸರಿಸುವುದರಿಂದ, ಕೊನೆಯಲ್ಲಿ ದೊರೆಯುವ ‘ಪುಟ ಸಿಕ್ಕಿತು’ ಎನ್ನುವ 200 ಎಂಬ ಸಂಕೇತವನ್ನಷ್ಟೇ ನೋಡುವ ತಂತ್ರಾಂಶವು ಪುಟ ಕ್ಷೇಮವಾಗಿದೆ ಎಂದೇ ವರದಿ ಮಾಡುತ್ತದೆ.

ಆದ್ದರಿಂದ ಮೂಲ ವಿಳಾಸ, ನಡುವಿನ ಪ್ರತಿಯೊಂದು ಜಿಗಿತ, ಅದು ಶಾಶ್ವತವೆನ್ನುವ 301 ಆಗಿತ್ತೋ ತಾತ್ಕಾಲಿಕವೆನ್ನುವ 302 ಆಗಿತ್ತೋ ಎಂಬ ವಿವರ, ಕೊನೆಯ ವಿಳಾಸ, ಇವೆಲ್ಲವನ್ನೂ ದಿನಾಂಕದೊಡನೆ ದಾಖಲಿಸುವುದು ಅಗತ್ಯ. (ತಾತ್ಕಾಲಿಕ ಎಂಬುದು ಸರ್ಕಾರಿ ಕಚೇರಿಗಳಲ್ಲಿ ಎಷ್ಟು ಕಾಲ ಬಾಳುತ್ತದೆ ಎಂಬುದು ನಮಗೆ ಗೊತ್ತೇ ಇದೆ.) ಎಚ್‌ಟಿಟಿಪಿ ವಿಳಾಸದಿಂದ ಅದರ ಸುರಕ್ಷಿತ ರೂಪವಾದ ಎಚ್‌ಟಿಟಿಪಿಎಸ್‌ಗೆ ಹೋಗುವಂತಹ ನಿರುಪದ್ರವಿ ಜಿಗಿತಗಳೇ ಹೆಚ್ಚಾಗಿರುವ ಕಾರಣ ಅವುಗಳನ್ನು ಮೊದಲೇ ಸೋಸಬೇಕು. ವಿಷಯದಲ್ಲಿ ಸಂಬಂಧವಿಲ್ಲದ ಹತ್ತಾರು ಪುಟಗಳು ಒಂದೇ ದಿನ ಒಂದೇ ಮುಖಪುಟಕ್ಕೆ ತಿರುಗಿದ್ದರೆ, ಅದನ್ನು ಮನುಷ್ಯರೊಬ್ಬರು ತೆರೆದು ಓದಲೇಬೇಕು.

ಪುಟದೊಳಗೇ ಓಡುವ ಜಾವಾಸ್ಕ್ರಿಪ್ಟ್ ಎಂಬ ಕೋಡ್ ಮೂಲಕ ನಡೆಯುವ ಮರುನಿರ್ದೇಶನ ಮಾತ್ರ ಈ ಸಂಕೇತಗಳಲ್ಲಿ ಕಾಣಿಸುವುದೇ ಇಲ್ಲ. ಅದನ್ನು ಹಿಡಿಯುವ ಕೆಲಸ ನನಗಿನ್ನೂ ಬಾಕಿಯಿದೆ.