ತಕಯಾಸು ಕಾಯಿಲೆ: ಯಾವ ಕೈಯ ಬಿಪಿ ನಂಬಬೇಕು?

ಕಾಫಿ ಕುಯ್ಲಿನ ದಿನಗಳಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಂದ ಆಸ್ಪತ್ರೆಗೆ ಬರುವ ಹೆಣ್ಣುಮಕ್ಕಳು ಸುಸ್ತು, ಕೈಸೋಲು ಅನ್ನುತ್ತಾರೆ. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಬರೆದು ಕಳಿಸುವ ಮುಂಚೆ ಒಂದು ಮಾತು ಕೇಳಿ: "ಅಕ್ಕ, ಹಣ್ಣು ಕುಯ್ಯೋವಾಗ ಒಂದೇ ಕೈ ಸೋಲುತ್ತಾ? ಸ್ವಲ್ಪ ಹೊತ್ತು ಬಿಟ್ರೆ ಸರಿಹೋಗುತ್ತಾ?" ಹೌದೆಂದರೆ ಎರಡೂ ಮಣಿಕಟ್ಟಿನ ನಾಡಿಯನ್ನು ಒಟ್ಟಿಗೇ ಹಿಡಿದು ನೋಡಿ. ಒಂದು ಕಡೆ ನಾಡಿ ಸಣ್ಣಗಿದ್ದರೆ ಅಥವಾ ಸಿಗದೇ ಇದ್ದರೆ ತಕಯಾಸು ಆರ್ಟರೈಟಿಸ್ ನೆನಪಿಗೆ ಬರಬೇಕು.

ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ತಕಯಾಸು 1908ರಲ್ಲಿ ವರದಿ ಮಾಡಿದ ಕಾಯಿಲೆ ಇದು. ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಮತ್ತು ಅದರ ದೊಡ್ಡ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ಹೆಚ್ಚಾಗಿ 40ರೊಳಗಿನ ಹೆಣ್ಣುಮಕ್ಕಳಿಗೇ ಬರುತ್ತದೆ. ನಮ್ಮ ದೇಶದಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿ, ಮೂತ್ರಪಿಂಡದ ರಕ್ತನಾಳ ಕಟ್ಟಿಕೊಳ್ಳುವುದು ಜಾಸ್ತಿ. ರಕ್ತ ಸಾಲದು ಎಂದುಕೊಂಡ ಮೂತ್ರಪಿಂಡ ರೆನಿನ್ ಎಂಬ ರಸ ಬಿಟ್ಟು ಬಿಪಿ ಏರಿಸುತ್ತದೆ. ಹೃದಯಕ್ಕೆ, ಮಿದುಳಿಗೆ ಏಟು ಬೀಳುವುದು ಮುಖ್ಯವಾಗಿ ಈ ದಾರಿಯಲ್ಲೇ. ಎನ್‌ಸಿಡಿ (ಬಿಪಿ, ಸಕ್ಕರೆಯಂಥ ಅಂಟದ ಕಾಯಿಲೆಗಳ) ತಪಾಸಣೆ ಶುರುವಾಗುವುದು 30 ವರ್ಷದಿಂದ, ಹೃದಯಾಘಾತದ ಅಪಾಯ ಲೆಕ್ಕಹಾಕುವ ಡಬ್ಲ್ಯುಎಚ್‌ಒ ಪಟ್ಟಿ 40ರಿಂದ. ಆ ಪಟ್ಟಿಯಲ್ಲಿ ಉರಿಯೂತಕ್ಕೆ ಜಾಗವೇ ಇಲ್ಲ. 24ರ ಹುಡುಗಿ ಇವೆರಡರಲ್ಲೂ ಸಿಗುವುದಿಲ್ಲ.

ಬಿಪಿ ಅಳೆಯುವುದರಲ್ಲೇ ಅರ್ಧ ಕೆಲಸ ಇದೆ. ಕಿರಿದಾದ ನಾಳದ ಕೈಯಲ್ಲಿ ಒತ್ತಡ ಕಡಿಮೆ ತೋರಿಸುತ್ತದೆ, ಒಳಗೆ ನಿಜವಾದ ಬಿಪಿ 180 ಇದ್ದರೂ ಆ ಕೈ 110 ಹೇಳಬಹುದು. ಐದು ನಿಮಿಷ ಕೂರಿಸಿ, ತೋಳಿಗೆ ಸರಿಹೊಂದುವ ಪಟ್ಟಿ ಕಟ್ಟಿ, ಎರಡೂ ಕೈ ನೋಡಿ, ಮತ್ತೊಮ್ಮೆ ನೋಡಿ. ಮೇಲಿನ ಅಂಕಿಯಲ್ಲಿ 10ಕ್ಕಿಂತ ಹೆಚ್ಚು ವ್ಯತ್ಯಾಸ ಉಳಿದರೆ ಕಾಲಿಗೆ ಹೋಗಿ. ಅಂಗಾತ ಮಲಗಿಸಿ, ಹರಡಿನ ಸ್ವಲ್ಪ ಮೇಲೆ ಪಟ್ಟಿ ಕಟ್ಟಿ, ಪಾದದ ಮೇಲಿನ ನಾಡಿಯ ಮೇಲೆ ಬೆರಳಿಡಿ. ಪಟ್ಟಿ ಉಬ್ಬಿಸಿ, ಸೆಕೆಂಡಿಗೆ 2-3 ಮಿ.ಮೀ.ಯಂತೆ ಗಾಳಿ ಬಿಡಿ. ನಾಡಿ ಮರಳುವ ಅಂಕಿಯೇ ಮೇಲಿನ ಬಿಪಿ, ಕೆಳಗಿನದು ಈ ವಿಧಾನದಲ್ಲಿ ಸಿಗುವುದಿಲ್ಲ. ನಾಡಿ ಬೆರಳಿಗೆ ಸಿಗದಿದ್ದರೆ ಡಾಪ್ಲರ್ (ರಕ್ತದ ಹರಿವನ್ನು ಶಬ್ದತರಂಗದಿಂದ ಪತ್ತೆಹಚ್ಚುವ ಸಾಧನ) ಬೇಕು. ಸ್ಟೆತಸ್ಕೋಪನ್ನು ಕೊರಳಪಟ್ಟಿ ಎಲುಬಿನ ಮೇಲೆ, ಹೊಕ್ಕುಳಿನ ಎರಡೂ ಬದಿ ಇಟ್ಟು ಕೇಳಿ. ನಾಳ ಕಿರಿದಾದಲ್ಲಿ ನಾಡಿಯ ಜೊತೆಗೆ 'ಶ್ಶ್' ಎನ್ನುವ ಸದ್ದು ಕೇಳಿಸಬಹುದು.

ನಾಲ್ಕೂ ಕೈಕಾಲಿಗೆ ಹೋಗುವ ದಾರಿ ಕಿರಿದಾಗಿದ್ದರೆ ಯಾವ ಅಂಕಿಯೂ ನಂಬಿಕೆಗೆ ಬಾರದು. ಬಿಪಿ ಕಡಿಮೆ ತೋರಿಸುತ್ತಿದೆ, ಆದರೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಎಡ ಹೃತ್ಕುಕ್ಷಿ, ಅಂದರೆ ಹೃದಯದ ಎಡ ಕೆಳಕೋಣೆ, ದಪ್ಪಗಾಗಿದೆ, ಕಣ್ಣಿನ ಅಕ್ಷಿಪಟಲದಲ್ಲಿ ಬಿಪಿಯ ಗುರುತಿದೆ ಎಂದರೆ ಮಹಾಪಧಮನಿಯೊಳಗಿನ ಒತ್ತಡವನ್ನು ನಾಳದೊಳಗೆ ತೂರಿಸುವ ಸಣ್ಣ ಕೊಳವೆಯಿಂದಲೇ (ಕ್ಯಾಥೆಟರ್) ಅಳೆಯಬೇಕು.

ಮದ್ದಿನಲ್ಲೂ ಎಡವುವ ಜಾಗಗಳಿವೆ. ಎರಡೂ ಮೂತ್ರಪಿಂಡದ ನಾಳ ಕಿರಿದಾಗಿದ್ದರೆ ಎನಾಲಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮಾತ್ರೆ ಮೂತ್ರಪಿಂಡವನ್ನೇ ಕೆಡಿಸಬಹುದು. ಶುರು ಮಾಡಿದ ಒಂದೆರಡು ವಾರದಲ್ಲಿ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ಏರುವ ಅಂಶ), ಪೊಟ್ಯಾಸಿಯಂ ನೋಡಬೇಕು. ಕ್ರಿಯಾಟಿನಿನ್ ಶೇ 30ಕ್ಕಿಂತ ಹೆಚ್ಚು ಏರಿದರೆ ಮಾತ್ರೆ ನಿಲ್ಲಿಸಿ ನಾಳದ ಸ್ಕ್ಯಾನ್ ಮಾಡಿಸಬೇಕು. ಈ ಮಾತ್ರೆಗಳೂ ಉರಿಯೂತ ತಗ್ಗಿಸಲು ಕೊಡುವ ಮೆಥೋಟ್ರೆಕ್ಸೇಟೂ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ, ಆದ್ದರಿಂದ ಬಸುರಿನ ಯೋಚನೆ ಇದೆಯೇ ಎಂದು ಸಂಕೋಚ ಬಿಟ್ಟು ಕೇಳಿ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಚೀಟಿಯಲ್ಲಿ ವಾರದ ಹೆಸರನ್ನೇ ಬರೆಯಿರಿ: 'ಸೋಮವಾರ ಮಾತ್ರ'.

ಉರಿಯೂತಕ್ಕೆ ಬೆಳಿಗ್ಗೆ ಪ್ರೆಡ್ನಿಸೊಲೋನ್ (ಸ್ಟೀರಾಯ್ಡ್ ಮಾತ್ರೆ) ನುಂಗುವವರ ಸಕ್ಕರೆ ಏರುವುದು ಮಧ್ಯಾಹ್ನದ ಮೇಲೆ. ಖಾಲಿ ಹೊಟ್ಟೆಯ ಪರೀಕ್ಷೆ ಸರಿಯಿದೆ ಎಂದು ಬಿಡಬೇಡಿ, ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ನೋಡಿ. ಮುಖ ಊದಿತೆಂದು ಅಕ್ಕಪಕ್ಕದವರು ಆಡಿಕೊಂಡರೆ ಮಾತ್ರೆಯನ್ನು ಥಟ್ಟನೆ ಬಿಟ್ಟುಬಿಡುತ್ತಾರೆ. ಮುಖ ಊದುವುದನ್ನು ಮೊದಲೇ ಹೇಳಿರಿ. ಮಲೆನಾಡಿನ ಮಳೆಗಾಲಕ್ಕೆ ಮುಂಚೆ ಎರಡು ವಾರದ ಮಾತ್ರೆ ಹೆಚ್ಚಿಗೆ ಕೊಡುವುದು ಒಳ್ಳೆಯದು. ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪನ್ನೂ ವಿಚಾರಿಸಿ, "ಬೀಡಿ ಸೇದಲ್ಲ" ಅನ್ನುವವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕೊನೆಗೆ, ನಂಬಬಹುದಾದ ಕೈಯನ್ನೋ ಕಾಲನ್ನೋ ಚೀಟಿಯ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ: 'ಬಿಪಿ ಬಲಗಾಲಿನಲ್ಲಿ ಮಾತ್ರ'. ಅದರ ಒಂದು ಪ್ರತಿ ಮನೆಯವರ ಹತ್ತಿರ ಇರಲಿ. ಪ್ರಜ್ಞೆ ತಪ್ಪಿದವರನ್ನು 108ರಲ್ಲಿ ಕರೆತಂದಾಗ, ಕಟ್ಟಿಕೊಂಡ ಕೈಯಲ್ಲಿ 70 ಕಂಡು ಬಿಪಿ ಬಿದ್ದುಹೋಗಿದೆ ಎಂದು ಏರಿಸುವ ಮದ್ದು ಹಾಕಿದರೆ, ಮೊದಲೇ 200 ಇರುವ ಮಿದುಳಿನ ನಾಳ ಒಡೆಯಬಹುದು.