ಬಾದಾಮಿಗೆ ಎರಡು ದಿನ ಸಾಕಾ?

ನಾನು ಬಾಗಲಕೋಟೆ ಕಡೆಯವನು ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಗೆಳೆಯರು ಕೇಳುವ ಪ್ರಶ್ನೆ ಇದು. "ಶನಿವಾರ, ಭಾನುವಾರ ಅಷ್ಟೇ ರಜೆ. ಬಾದಾಮಿ ನೋಡೋಕೆ ಸಾಕಾಗತ್ತಾ? ಅಲ್ಲಿ ಊಟಕ್ಕೆ ಏನು ಸಿಗತ್ತೆ?" ಕೇಳಿದವರಿಗೆಲ್ಲ ಬಾಯಲ್ಲಿ ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸಾಕು, ಎರಡು ದಿನ ಧಾರಾಳ ಸಾಕು. ಆದರೆ ಅದೇ ಎರಡು ದಿನದಲ್ಲಿ ಹಂಪಿ, ವಿಜಯಪುರ ಎಲ್ಲಾ ಸೇರಿಸಬೇಡಿ. ಹಾಗೆ ಮಾಡಿದವರು ಅರ್ಧ ಹೊತ್ತು ಕಾರಿನಲ್ಲೇ ಕಳೆಯುತ್ತಾರೆ. ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಈ ನಾಲ್ಕೇ ಸಾಕು. ಎಲ್ಲವೂ ಮಲಪ್ರಭೆಯ ಸೀಮೆ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಮತ್ತೆ ಹದಿನಾಲ್ಕು ಕಿ.ಮೀ. ಆಸುಪಾಸು. ಬನಶಂಕರಿಯಂತೂ ಬಾದಾಮಿಯ ಪಕ್ಕದಲ್ಲೇ ಇದೆ, ಐದು ಕಿ.ಮೀ.

ಬೆಂಗಳೂರಿಂದ ರಸ್ತೆಯಲ್ಲಿ ಸುಮಾರು 450 ಕಿ.ಮೀ. ಆಗುತ್ತದೆ. ನಾನು ರೈಲೇ ಹೇಳುವುದು. ಶುಕ್ರವಾರ ಸಂಜೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮಲಗಿದರೆ ಹುಬ್ಬಳ್ಳಿ, ಗದಗ ದಾಟಿ ಬೆಳಗ್ಗೆ ಬಾದಾಮಿಯಲ್ಲಿ ಇಳಿಯಬಹುದು. ಸ್ಟೇಷನ್ ಊರಿಂದ ಸ್ವಲ್ಪ ದೂರ. ಆಟೋ, ಟಂಟಂ ಸಿಗುತ್ತವೆ.

ಶನಿವಾರ ಬೆಳಗ್ಗೆ ಬಿಸಿಲು ಏರುವ ಮುಂಚೆ ಗುಹೆಗಳಿಗೆ ಹೋಗಿ. ತಿಂಡಿ ಕೈಯಲ್ಲಿ ಹಿಡಿದುಕೊಂಡು ಹೋಗಬೇಡಿ, ಮಂಗಗಳು ಜಾಸ್ತಿ. ಒಂದನೇ ಗುಹೆಯ ಹೊರಗೆ, ಬಲಗಡೆ ಬಂಡೆಯಲ್ಲಿ, ಹದಿನೆಂಟು ಕೈಯ ನಟರಾಜ ಇದ್ದಾನೆ. ಎಲ್ಲರೂ ಅಲ್ಲೇ ಫೋಟೋ ತೆಗೆಸಿಕೊಂಡು, ಎರಡನೆಯದು ನೋಡಿ, ಮೂರನೆಯದರ ಹೊತ್ತಿಗೆ ಸುಸ್ತಾಗಿರುತ್ತಾರೆ. ನನ್ನನ್ನು ಕೇಳಿದರೆ ಹೊತ್ತೆಲ್ಲ ಮೂರನೆಯದಕ್ಕೇ ಕೊಡಿ. ಹಾವಿನ ಸುರುಳಿಯ ಮೇಲೆ ಕೂತ ವಿಷ್ಣು, ಭೂದೇವಿಯನ್ನು ಎತ್ತಿದ ವರಾಹ, ಕಾಲು ಆಕಾಶಕ್ಕೆ ಚಾಚಿದ ತ್ರಿವಿಕ್ರಮ, ಎಲ್ಲರೂ ಆಳೆತ್ತರ ಮೀರಿ ನಿಂತಿದ್ದಾರೆ. ಕಂಬಗಳ ಮೇಲ್ಭಾಗದಲ್ಲಿ ಮರದ ಕೆಳಗೆ ನಿಂತ ಗಂಡು ಹೆಣ್ಣಿನ ಜೋಡಿಗಳಿವೆ. ಒಂದು ಜೋಡಿಯ ನಿಲುವು ಇನ್ನೊಂದಕ್ಕಿಲ್ಲ. ಚಾವಣಿಯ ಅಂಚಿನಲ್ಲಿ ಹಳೆಯ ವರ್ಣಚಿತ್ರದ ಚೂರುಗಳು ಇನ್ನೂ ಉಳಿದಿವೆ, ಕಣ್ಣು ಹೊಂದಿಕೊಳ್ಳುವ ತನಕ ನಿಂತು ನೋಡಬೇಕು. ಈ ಗುಹೆಯಲ್ಲಿ ಶಕ 500ರ ಶಾಸನ ಇದೆ, ಅಂದರೆ ಕ್ರಿ.ಶ. 578. ಚಾಲುಕ್ಯ ಕೀರ್ತಿವರ್ಮನ ತಮ್ಮ ಮಂಗಳೇಶ ಇದನ್ನು ಮಾಡಿಸಿದ. ಇಷ್ಟು ಹಳೆಯ ಗುಹೆಯ ಇಸವಿ ಇಷ್ಟು ಖಚಿತವಾಗಿ ಸಿಗುವುದು ಅಪರೂಪ. ನಾಲ್ಕನೆಯದು ಜೈನರದು, ಬಳ್ಳಿ ಸುತ್ತಿದ ಬಾಹುಬಲಿ ಅಲ್ಲಿದ್ದಾನೆ.

ಕೆಳಗಿಳಿದು ಅಗಸ್ತ್ಯ ತೀರ್ಥ ಅನ್ನುವ ಕೆರೆಯ ಆಚೆ ದಂಡೆಗೆ ಬಂದರೆ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಇದು ಶುಕ್ರವಾರ ಮುಚ್ಚಿರುತ್ತದೆ, ವಾರಾಂತ್ಯಕ್ಕೆ ಬರುವವರಿಗೆ ತೊಂದರೆ ಇಲ್ಲ. ಅಲ್ಲಿ ಫಲವಂತಿಕೆಯ ದೇವಿ ಲಜ್ಜಾಗೌರಿಯ ಮೂರ್ತಿ ಇದೆ. ತಲೆಯ ಜಾಗದಲ್ಲಿ ತಾವರೆ, ಹೆರಿಗೆಗೆ ಕೂತ ಹೆಂಗಸಿನ ಮೈ. ಇದನ್ನು ನೋಡಿಕೊಂಡೇ ಬನಶಂಕರಿಗೆ ಹೋಗಿ.

ಯಾಕೆ ಅಂದರೆ ಬನಶಂಕರಿ ಶಾಕಾಂಬರಿ. ಲೋಕಕ್ಕೆ ಬರಗಾಲ ಬಿದ್ದಾಗ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಮಂದಿಯ ಹೊಟ್ಟೆ ತುಂಬಿಸಿದ ತಾಯಿ. ಮಳೆಯನ್ನು ನೆಚ್ಚುವಂತಿಲ್ಲದ ನಮ್ಮ ಸೀಮೆಗೆ ಇದು ಬರೀ ಪುರಾಣ ಅಲ್ಲ. ಪುಷ್ಯ ಮಾಸದ ಜಾತ್ರೆಯಲ್ಲಿ ಪಲ್ಲೇದ ಹಬ್ಬ ಅಂತ ಮಾಡುತ್ತಾರೆ. ಆವತ್ತು ದೇವಿಗೆ 108 ಬಗೆಯ ಕಾಯಿಪಲ್ಲೆಯ ನೈವೇದ್ಯ.

ಮಧ್ಯಾಹ್ನದ ಊಟ ಇಲ್ಲೇ ಮಾಡಬೇಕು. ಬಾದಾಮಿಯ ಹೋಟೆಲಿನಲ್ಲಿ ಇಡ್ಲಿ, ದೋಸೆ, ಮೀಲ್ಸ್ ಎಲ್ಲಾ ಸಿಗುತ್ತದೆ, ಆದರೆ ಅದನ್ನು ಉಣ್ಣೋಕೆ ಇಷ್ಟು ದೂರ ಬರಬೇಕಾ? ಬನಶಂಕರಿಯಲ್ಲಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬೆಳಗ್ಗೆ ಮನೆಯಲ್ಲಿ ಅಡುಗೆ ಮಾಡಿ, ಬುಟ್ಟಿಯಲ್ಲಿ ತುಂಬಿ ತಲೆ ಮೇಲೆ ಹೊತ್ತು ತರುತ್ತಾರೆ. ಗುಡಿಯ ಹತ್ತಿರ ನೆರಳಲ್ಲಿ ಕೂತು, "ಬರ್ರಿ ಯಪ್ಪಾ, ರೊಟ್ಟಿ ಉಣ್ಣ ಬರ್ರಿ" ಅಂತ ಕರೆಯುತ್ತಾರೆ. ಮೆನು ಇಲ್ಲ, ಅವತ್ತು ಏನು ಮಾಡಿದ್ದಾರೋ ಅದು. ಜೋಳದ ರೊಟ್ಟಿ ಇದ್ದೇ ಇರುತ್ತದೆ, ಕೆಲವೊಮ್ಮೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಇರುತ್ತದೆ. ಜೊತೆಗೆ ಕಡಲೆಹಿಟ್ಟಿನ ಝುಣಕ, ಪುಂಡಿಪಲ್ಲೆ, ಮಡಕಿಕಾಳು, ಎಣ್ಣೆಗಾಯಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ. ಮೊಸರು ಸಣ್ಣ ಮಣ್ಣಿನ ಕುಡಿಕೆಯಲ್ಲಿ. ಕುಡಿಕೆ ನೀರು ಹೀರಿಕೊಂಡು ಮೊಸರು ಗಟ್ಟಿಯಾಗಿ ನಿಂತಿರುತ್ತದೆ.

ಪುಂಡಿಪಲ್ಲೆಯ ಬಗ್ಗೆ ಒಂದು ಮಾತು. ಆಂಧ್ರದವರು ಗೊಂಗೂರ ಅನ್ನುವ ಸೊಪ್ಪೇ ಇದು. ನಮ್ಮ ಕಡೆ ಅದನ್ನು ಬೇಯಿಸಿ ಹುಳಿ ನೀರು ಬಸಿದು, ಜೋಳದ ನುಚ್ಚು, ಬೇಳೆ, ಹಸಿಮೆಣಸಿನಕಾಯಿ ಹಾಕಿ ಮುದ್ದೆಯಾಗುವ ಹಾಗೆ ಬೇಯಿಸುತ್ತಾರೆ. ಮೇಲೆ ಬೆಳ್ಳುಳ್ಳಿ ಒಗ್ಗರಣೆ ಜೋರಾಗಿ ಬೀಳಬೇಕು. ರೊಟ್ಟಿ ಮೇಲೆ ಪಲ್ಲೆ, ಪಲ್ಲೆ ಮೇಲೆ ಹಸಿ ಎಣ್ಣೆ, ಪಕ್ಕದಲ್ಲಿ ಜಜ್ಜಿದ ಉಳ್ಳಾಗಡ್ಡಿ. ಹೀಗೆ ತಿಂದರೇ ಅದರ ರುಚಿ ಗೊತ್ತಾಗುವುದು. ಖಾರ ಆಗಲ್ಲ ಅನ್ನುವವರು ಮೊಸರು ಕಲಸಿಕೊಳ್ಳಿ, ಬಿಡಬೇಡಿ.

ಬುಟ್ಟಿಯ ರೊಟ್ಟಿ ಬೆಳಗ್ಗೆ ಮಾಡಿದ್ದು. ಹಂಚಿನಿಂದ ಆಗ ತಾನೇ ಇಳಿದ ಬಿಸಿ ರೊಟ್ಟಿ ಬೇಕು ಅಂದರೆ ರಾತ್ರಿ ಬಾದಾಮಿಯ ಯಾವುದಾದರೂ ಖಾನಾವಳಿಗೆ ಹೋಗಿ. ಒಳಗೆ ನೋಡಬಹುದಾ ಅಂತ ಕೇಳಿ, ಬಹಳ ಕಡೆ ಬೇಡ ಅನ್ನುವುದಿಲ್ಲ. ಜೋಳದ ಹಿಟ್ಟಿಗೆ ಗೋದಿಯ ಜಿಗುಟು ಇಲ್ಲ. ಅದಕ್ಕೆ ಕುದಿಯುವ ನೀರು ಹಾಕಿ ಕಲಸಬೇಕು, ಅಂಗೈಯ ಬುಡದಿಂದ ಚೆನ್ನಾಗಿ ನಾದಬೇಕು. ಆಮೇಲೆ ಒಣಹಿಟ್ಟು ಉದುರಿಸಿ, ಒಂದು ಕೈಯಲ್ಲಿ ಬಡಿಯುತ್ತಾ ಇನ್ನೊಂದು ಕೈಯಲ್ಲಿ ಅಂಚು ಸವರುತ್ತಾ ತಿರುಗಿಸುತ್ತಾರೆ. ನಮ್ಮ ಕಡೆ ರೊಟ್ಟಿ ಬಡಿಯುವುದು ಅಂತಲೇ ಹೇಳುವುದು. ಹಂಚಿನ ಮೇಲೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರುವಷ್ಟರಲ್ಲಿ ಮಗುಚಬೇಕು, ತಡವಾದರೆ ಬಿರುಕು ಬಿಡುತ್ತದೆ. ಕೊನೆಗೆ ಉರಿಗೆ ಹಿಡಿದಾಗ ಉಬ್ಬುತ್ತದೆ. ಅದನ್ನು ಚೂರು ಚೂರು ಮುರಿದು ಖಾರಬ್ಯಾಳಿಗೆ ಹಾಕಿಕೊಂಡು ತಿನ್ನಿ.

ಈಗ ಮತ್ತೆ ಅಗಸ್ತ್ಯ ತೀರ್ಥದ ದಂಡೆಗೆ. ಬನಶಂಕರಿಯಿಂದ ಸಂಜೆ ನಾಲ್ಕರ ಹೊತ್ತಿಗೆ ವಾಪಸ್ ಬಂದರೆ ಬಿಸಿಲು ಭೂತನಾಥ ಗುಡಿಯ ಮೇಲೆ ಬೀಳುತ್ತಿರುತ್ತದೆ. ಆ ದಿಕ್ಕಿನಲ್ಲೇ, ಕೆರೆಯ ಈಶಾನ್ಯಕ್ಕೆ, ತಟ್ಟುಕೋಟಿ ಅನ್ನುವ ಕಡೆ ಬಂಡೆಯ ಮೇಲೆ ಒಂದು ಶಾಸನ ಇದೆ. ಕಪ್ಪೆ ಅರಭಟ್ಟ ಅನ್ನುವ ವೀರನದು, ಸುಮಾರು ಕ್ರಿ.ಶ. 700ರದು. ಕನ್ನಡ ಓದುವವರು ಬಾದಾಮಿಗೆ ಹೋಗಿ ಇದನ್ನು ನೋಡದೆ ಬಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

"ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆಱನಲ್ಲ"

ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿ ಇದ್ದವರಿಗೆ ಸವಿ, ಕಾಡಿಸಿದವರಿಗೆ ಮಾತ್ರ ಬಿಡದ ಗಂಡು, ಇವನು ಮಾಧವನೇ ಹೊರತು ಬೇರೆಯವನಲ್ಲ ಅಂತ ಒಬ್ಬನ ಸ್ವಭಾವ ಮೂರು ಸಾಲಿನಲ್ಲಿ ಮುಗಿದಿದೆ. ಇದು ತ್ರಿಪದಿ. ನಮ್ಮ ಅಜ್ಜಿಯಂದಿರು ಕೋಳಿ ಕೂಗುವ ಮುಂಚೆ ಎದ್ದು ಜೋಳ ಬೀಸುವಾಗ ಹಾಡುತ್ತಿದ್ದ ಬೀಸುವ ಕಲ್ಲಿನ ಪದಗಳೂ ತ್ರಿಪದಿಯೇ. ತವರಿನ ನೆನಪು, ಅಣ್ಣ ತಮ್ಮಂದಿರ ಮೇಲಿನ ಆಸೆ, ಗಂಡನ ಮನೆಯ ಕಷ್ಟ, ಎಲ್ಲವನ್ನೂ ಅವರು ಈ ಮೂರೇ ಸಾಲಿನಲ್ಲಿ ಹೇಳಿಕೊಂಡರು. ಬಂಡೆಯ ಮೇಲಿನ ಛಂದಸ್ಸು ಒಕ್ಕಲುತನದ ಮನೆಗಳಲ್ಲಿ ಸಾವಿರ ವರ್ಷ ಮೀರಿ ಬಾಳಿತು, ರೊಟ್ಟಿಯ ಹಿಟ್ಟಿನ ಜೊತೆಗೇ ಬಾಳಿತು. "ಊಟದ ಟ್ರಿಪ್ಪಾ, ಇತಿಹಾಸದ ಟ್ರಿಪ್ಪಾ" ಅಂತ ಕೇಳುವವರಿಗೆ ನಾನು ಈ ಬಂಡೆಯನ್ನೇ ತೋರಿಸುವುದು.

ಭಾನುವಾರ ಬೇಗ ಎದ್ದು ನೇರ ಐಹೊಳೆಗೆ ಹೋಗಿ. ದೂರದ್ದು ಮೊದಲು ಮುಗಿಸಿ, ಬರುವಾಗ ಪಟ್ಟದಕಲ್ಲು. ದಾರಿಗೆ ಅಷ್ಟೇ ಅಲ್ಲ, ನೋಡುವುದಕ್ಕೂ ಈ ಕ್ರಮವೇ ಸರಿ. ಐಹೊಳೆಯಲ್ಲಿ ಗುಡಿ ಹೇಗಿರಬೇಕು ಅನ್ನುವುದನ್ನು ಇನ್ನೂ ಹುಡುಕುತ್ತಿದ್ದರು. ಲಾಡಖಾನ್ ಗುಡಿಯ ಚಾವಣಿ ನೋಡಿ. ಇಳಿಜಾರಾದ ಕಲ್ಲು ಹಾಸುಗಳು, ಅವು ಸೇರುವ ಕಡೆ ಉದ್ದಕ್ಕೆ ಕಲ್ಲಿನ ಪಟ್ಟಿಗಳು. ಮರದ ಮನೆ ಕಟ್ಟುವ ಬಡಿಗನ ಕೆಲಸವನ್ನು ಕಲ್ಲುಕುಟಿಗ ಕಲ್ಲಿನಲ್ಲಿ ಮಾಡಿದ್ದಾನೆ. ದುರ್ಗ ಗುಡಿಯ ಹಿಂಭಾಗ ಅರೆವೃತ್ತ, ಸುತ್ತಲೂ ಕಂಬಗಳ ಪಡಸಾಲೆ. ಅಂಥದ್ದು ಅಲ್ಲಿ ಇನ್ನೊಂದಿಲ್ಲ. ಗುಡಿಗಳ ಹೆಸರು ಕೇಳಿದರೆ ಊರಿನ ಕಥೆ ಗೊತ್ತಾಗುತ್ತದೆ: ಗೌಡರ ಗುಡಿ, ಬಡಿಗೇರ ಗುಡಿ, ಹುಚ್ಚಪ್ಪಯ್ಯನ ಗುಡಿ. ಲಾಡಖಾನ್ ಅನ್ನುವುದೂ ಅಲ್ಲಿ ವಾಸವಿದ್ದವರ ಹೆಸರು. ಜನ ಈ ಗುಡಿಗಳ ಜೊತೆ ಎಷ್ಟೋ ತಲೆಮಾರು ಸಂಸಾರ ಮಾಡಿದ್ದಾರೆ.

ಕಾಲಲ್ಲಿ ಶಕ್ತಿ ಇದ್ದರೆ ಮೇಗುಟಿ ಗುಡ್ಡ ಹತ್ತಿ. ಅಲ್ಲಿನ ಜೈನ ಬಸದಿಯಲ್ಲಿ ರವಿಕೀರ್ತಿ ಬರೆದ ಶಾಸನ ಇದೆ, ಕ್ರಿ.ಶ. 634ರದು. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸುದ್ದಿ ನಮಗೆ ಹೇಳುವ ಕಲ್ಲು ಅದು. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗೆ ಸಮ ಅಂತ ಹೇಳಿಕೊಂಡಿದ್ದಾನೆ. ಕಾಳಿದಾಸ ಅದಕ್ಕಿಂತ ಮೊದಲಿನವನು ಅಂತ ವಿದ್ವಾಂಸರಿಗೆ ಗಟ್ಟಿ ಆಧಾರ ಸಿಕ್ಕಿದ್ದು ಈ ಸಾಲಿನಿಂದ.

ಪಟ್ಟದಕಲ್ಲಿಗೆ ಬಂದಾಗ ಹುಡುಕಾಟ ಮುಗಿದಿದೆ, ಕೈ ಪಳಗಿದೆ. ಉತ್ತರದ ಶೈಲಿಯ ಶಿಖರ, ದಕ್ಷಿಣದ ಶೈಲಿಯ ವಿಮಾನ ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತಿವೆ. 1987ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾಣ. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಸುಮಾರು 740ರಲ್ಲಿ. ಗಂಡ, ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಅದಕ್ಕೂ ನೂರು ವರ್ಷ ಹಿಂದೆ, 642ರಲ್ಲಿ, ಕಂಚಿಯ ಪಲ್ಲವರು ಚಾಲುಕ್ಯರ ರಾಜಧಾನಿ ಬಾದಾಮಿಯನ್ನೇ ಹಿಡಿದಿದ್ದರು. ಆ ಸಿಟ್ಟು ಇದ್ದೂ ವಿಕ್ರಮಾದಿತ್ಯ ಕಂಚಿಯ ಕೈಲಾಸನಾಥ ಗುಡಿಯ ಸಂಪತ್ತು ಮುಟ್ಟಲಿಲ್ಲ, ದೇವರಿಗೇ ಬಿಟ್ಟ. ಅದನ್ನು ಹೇಳುವ ಕನ್ನಡ ಶಾಸನ ಇವತ್ತಿಗೂ ಕಂಚಿಯಲ್ಲಿ ಇದೆ. ನನಗೆ ಗೆಲುವಿಗಿಂತ ಇದೇ ದೊಡ್ಡದು ಅನಿಸುತ್ತದೆ. ವಿರೂಪಾಕ್ಷ ಗುಡಿಯ ಶಾಸನಗಳಲ್ಲಿ ಕಟ್ಟಿದ ಶಿಲ್ಪಿಯ ಹೆಸರೂ ಇದೆ, ಗುಂಡ ಅನಿವಾರಿತಾಚಾರಿ ಅಂತ. ಒಳಗೆ ಕಂಬಗಳಲ್ಲಿ ರಾಮಾಯಣ, ಮಹಾಭಾರತ, ಪಂಚತಂತ್ರದ ಕಥೆಗಳನ್ನು ಕೆತ್ತಿದ್ದಾರೆ. ಮಕ್ಕಳು ಜೊತೆಗಿದ್ದರೆ ಒಂದೊಂದು ಕಂಬದ ಕಥೆ ಅವರಿಂದಲೇ ಹುಡುಕಿಸಿ.

ಹೊಟ್ಟೆಯ ವಿಷಯ ಭಾನುವಾರ ಸ್ವಲ್ಪ ಕಷ್ಟ. ಐಹೊಳೆ, ಪಟ್ಟದಕಲ್ಲು ಎರಡರಲ್ಲೂ ದೊಡ್ಡ ಹೋಟೆಲ್‌ಗಳನ್ನು ನಂಬಿಕೊಂಡು ಹೋಗಬೇಡಿ. ಹಿಂದಿನ ದಿನವೇ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಳ್ಳಿ. ಮೊಸರು ದಾರಿಯಲ್ಲಿ ಸಿಗುತ್ತದೆ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ, ಸಂತೆಗೆ, ದೂರದ ಪಯಣಕ್ಕೆ ನಮ್ಮವರು ಕಟ್ಟಿಕೊಂಡು ಹೋಗುವ ಬುತ್ತಿ ಅದೇ. ಸಂಜೆ ಬಾದಾಮಿಗೆ ಬಂದ ಮೇಲೆ ರೈಲು ಬರುವ ತನಕ ಮಿರ್ಚಿ ಭಜಿ, ಮಂಡಕ್ಕಿಯ ಗಿರ್ಮಿಟ್ ತಿನ್ನಿ. ಊರಿಗೆ ಒಯ್ಯೋದಕ್ಕೆ ಅಮೀನಗಡದ ಕರದಂಟು ಅನ್ನುವ ಸಿಹಿ, ಮನೆಯವರಿಗೆ ಗುಳೇದಗುಡ್ಡದ ಖಣ, ಅಂದರೆ ರವಿಕೆ ಬಟ್ಟೆ. ಖಣ ಕೈಮಗ್ಗದ್ದೇ ಕೇಳಿ ತಗೊಳ್ಳಿ. ಸ್ವಲ್ಪ ದುಬಾರಿ, ಆದರೆ ನೇಕಾರರ ಮನೆಗೆ ಆ ದುಡ್ಡು ಹೋಗಬೇಕು ಅಲ್ವಾ.

ಬುಟ್ಟಿ ಊಟದ ಹೆಣ್ಣುಮಕ್ಕಳ ಹತ್ತಿರ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ತಡೆಯೋಕಾಗಲ್ಲ. ಹೊಟ್ಟೆ ತುಂಬಿದ ಮೇಲೂ "ಇನ್ನೊಂದ ರೊಟ್ಟಿ ಹಾಕ್ಲ್ಯಾ ಯಪ್ಪಾ" ಅನ್ನುವವರು ಅವರು. ಕೇಳಿದಷ್ಟು ಕೊಡಿ. ನೋಟು ಚಿಲ್ಲರೆ ಮಾಡಿಸಿ ಇಟ್ಟುಕೊಂಡು ಹೋಗಿ.

ಯಾವಾಗ ಹೋಗೋದು ಅನ್ನುವುದು ಕೊನೆಯ ಪ್ರಶ್ನೆ. ಮಾರ್ಚ್‌ನಿಂದ ಮೇ ಬೇಡ, ಬಂಡೆ ಕಾದು ಉರಿಯುತ್ತದೆ. ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯದು. ಅದರಲ್ಲೂ ಡಿಸೆಂಬರ್ ಕೊನೆ, ಜನವರಿಯಲ್ಲಿ ಹೊಲದಲ್ಲಿ ಹಿಂಗಾರಿ ಜೋಳ ಹಾಲುಗಾಳಾಗಿ ನಿಂತಿರುತ್ತದೆ. ಆ ಎಳೆ ತೆನೆ ಸುಟ್ಟು ಉಜ್ಜಿದರೆ ಸೀತನಿ. ಬಿಸಿ ಇದ್ದಾಗಲೇ ಶೇಂಗಾ ಚಟ್ನಿ, ಬೆಲ್ಲದ ಜೊತೆ ತಿನ್ನಬೇಕು. ಇದು ಅಂಗಡಿಯಲ್ಲಿ ಸಿಗುವುದಿಲ್ಲ, ಹೊಲದವರ ಪರಿಚಯ ಬೇಕು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಯೂ ಅದೇ ಹೊತ್ತಿಗೆ ಬರುತ್ತದೆ. ತೇರು ಎಳೆದ ಮೇಲೂ ವಾರಗಟ್ಟಲೆ ಜಾತ್ರೆ ನಡೆಯುತ್ತದೆ, ನಾಟಕ ಕಂಪನಿಗಳು ಟೆಂಟ್ ಹಾಕಿ ರಾತ್ರಿಯೆಲ್ಲ ಆಡುತ್ತವೆ. ಜಾತ್ರೆಗೆ ಹೋಗುವ ಮನಸ್ಸಿದ್ದರೆ ರೈಲು ಟಿಕೆಟ್, ರೂಮು ಎರಡನ್ನೂ ತಿಂಗಳು ಮುಂಚೆ ಬುಕ್ ಮಾಡಿ. ಆ ದಿನಗಳಲ್ಲಿ ಬಾದಾಮಿಯಲ್ಲಿ ಜಾಗ ಸಿಗುವುದು ಕಷ್ಟ.